ಮಾಜಿಯ ಎರಡು ಪೆನ್ನು

ಆ ಮನೆಯಲ್ಲಿ ಬೆಳಗಾದರೆ ಒಲೆ ಹಚ್ಚುವುದಕ್ಕಿಂತ ಮೊದಲು ಪೆನ್ನಿಗೆ ಶಾಯಿ ತುಂಬಬೇಕಿತ್ತು. ಅತ್ತೆ ಮುಖ ತೊಳೆದು, ಊಟದ ಮೇಜಿನ ಮೇಲೆ ನಿನ್ನೆಯ ಪತ್ರಿಕೆ ಹಾಸಿ, ಎರಡು ಪೆನ್ನುಗಳನ್ನು ಬಿಚ್ಚಿಕೊಂಡು ಕೂರುತ್ತಿದ್ದರು. ಒಂದು ದಪ್ಪ, ಮೈಮೇಲೆ ಗೆರೆಗೆರೆಯಾಗಿ ಕೊರೆದದ್ದು. ಅದಕ್ಕೆ ಹಸಿರು ಶಾಯಿ. ಇನ್ನೊಂದು ಸಣ್ಣ, ನುಣ್ಣಗಿನದು. ಅದಕ್ಕೆ ಕಪ್ಪು. ಮಾವ ಮಂತ್ರಿಯಾಗಿದ್ದಾಗ ಶುರುವಾದ ಈ ಕೆಲಸ ಅವರು ಚುನಾವಣೆ ಸೋತು ಆರು ವರ್ಷವಾದರೂ ನಿಂತಿರಲಿಲ್ಲ. ಸೊಸೆ ಮನೆಗೆ ಬಂದ ಹೊಸತರಲ್ಲಿ, "ಕೊಡಿ ಅತ್ತೆ, ನಾನು ತುಂಬ್ತೀನಿ," ಎಂದು ಕೈ ಚಾಚಿದ್ದಳು. ಅತ್ತೆ ಪೆನ್ನನ್ನು ಹಿಂದಕ್ಕೆಳೆದುಕೊಂಡು, "ಬೇಡಮ್ಮ, ಇದೊಂದು ನಂಗಿರ್ಲಿ," ಎಂದಿದ್ದರು.

ಊರೆಲ್ಲ ಮಾವನನ್ನು ಮಾಜಿ ಎಂದೇ ಕರೆಯುತ್ತಿತ್ತು. ಎದುರಿಗೆ ಸಾಹೇಬರು, ಬೆನ್ನ ಹಿಂದೆ ಮಾಜಿ. ಇಂಧನ ಖಾತೆ ನೋಡಿಕೊಂಡಿದ್ದವರು. ಸೋತ ಮೂರೇ ತಿಂಗಳಿಗೆ ಗ್ಯಾಸ್ ಕಂಪನಿಯವರು ಅವರನ್ನು ಸಲಹೆಗಾರರನ್ನಾಗಿ ಮಾಡಿಕೊಂಡರು. ಬಾಗಿಲಿಗೆ ಕಾರು ಬಂತು, ಮಗನಿಗೆ ಕಂಪನಿಯಲ್ಲಿ ಕುರ್ಚಿ ಬಂತು, ಹಿತ್ತಾಳೆ ಹಿಡಿಯ ಊರುಗೋಲೂ ಒಂದು ಬಂತು. ಸಲಹೆ ಎಂದರೆ ದೊಡ್ಡ ವಿದ್ಯೆಯೇನಲ್ಲ. ತಮ್ಮ ಕೈಕೆಳಗೆ ಕೆಲಸ ಮಾಡಿದ ಅಧಿಕಾರಿಗಳಿಗೆ ಫೋನು ಮಾಡುವುದು, ವಾರಕ್ಕೊಬ್ಬರನ್ನು ಮನೆಗೆ ಕರೆದು ಊಟ ಹಾಕಿಸುವುದು. ಹಾಗಾಗಿ ಕಂಪನಿಯ ಅರ್ಧ ಕೆಲಸ ನಡೆಯುತ್ತಿದ್ದದ್ದು ಅಡುಗೆಮನೆಯಲ್ಲಿ. ಆ ಅರ್ಧಕ್ಕೆ ಅತ್ತೆಯನ್ನಾಗಲಿ ಸೊಸೆಯನ್ನಾಗಲಿ ಯಾರೂ ಸಲಹೆಗಾರರೆಂದು ಕರೆಯಲಿಲ್ಲ.

ಮನೆಯೊಳಗೆ ಮುಚ್ಚಿಟ್ಟ ಸಂಗತಿ ಒಂದಿತ್ತು. ಸಕ್ಕರೆ ಕಾಯಿಲೆ ಮಾವನ ಕಣ್ಣನ್ನು ತಿಂದುಹಾಕಿತ್ತು. ಬೆಳಕು ಕಾಣುತ್ತಿತ್ತು, ಎದುರಿಗೆ ನಿಂತವರ ಆಕಾರ ಕಾಣುತ್ತಿತ್ತು, ಅಷ್ಟೇ. ಬಣ್ಣ ತಿಳಿಯುತ್ತಿರಲಿಲ್ಲ. ಕುರುಡ ಸಲಹೆಗಾರನನ್ನು ಯಾವ ಕಂಪನಿ ಸಾಕುತ್ತದೆ? ಅದಕ್ಕೇ ಹೊರಗಿನವರು ಬಂದಾಗ ಅವರು ಪತ್ರಿಕೆ ಹಿಡಿದು ಕೂರುತ್ತಿದ್ದರು. ಪತ್ರಿಕೆ ತಲೆಕೆಳಗಾಗದಂತೆ ನೋಡಿಕೊಳ್ಳುವುದು ಸೊಸೆಯ ಕೆಲಸ.

ಸೊಸೆ ಬಸ್ ಡಿಪೋ ಕೆಲಸಗಾರನ ಮಗಳು. ಚುನಾವಣೆ ಹತ್ತಿರವಿದ್ದ ವರ್ಷ ಮಾವ ತಾವೇ ಹೋಗಿ ಅವಳನ್ನು ಮಗನಿಗೆ ತಂದುಕೊಂಡಿದ್ದರು. ಸರಳ ಮದುವೆ ಎಂದು ಎಲ್ಲ ಪತ್ರಿಕೆಗಳಲ್ಲೂ ಚಿತ್ರ ಬಂತು. ಆ ಚಿತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ಚಿತ್ರದಲ್ಲಿ ಮಾವ ನಡುವೆ ನಗುತ್ತಿದ್ದರು, ಮದುಮಕ್ಕಳು ಅಂಚಿನಲ್ಲಿ ಅರ್ಧರ್ಧ ಇದ್ದರು.

ಅವಳ ತಮ್ಮ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಹೆಸರು ಹಿಡಿದು ಅವನನ್ನು ಕರೆಯುವವರಿರಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಬಸ್ಸಿನಲ್ಲಿ ಹುಟ್ಟಿದವನೆಂದು ಎಲ್ಲರ ಬಾಯಲ್ಲೂ ಅವನು ಗಡಿಬಿಡಿ. ಇಪ್ಪತ್ತಾರು ವರ್ಷ, ಡಿಪೋದಲ್ಲಿ ಟೈರು ಬಿಚ್ಚುವ ಕೆಲಸ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎರಡು ಮೊಟ್ಟೆ, ನಾಲ್ಕು ಬ್ರೆಡ್ಡು ಮುಗಿಸಿ, ಮಡಚಿದ ಕಾಗದ ತೆಗೆದ.

"ಅಕ್ಕಾ, ಬೀದಿಯವರೆಲ್ಲ ಸಹಿ ಹಾಕಿದ್ದಾರೆ. ಗೋಡೆ ಹಿಂದಿನ ಭಾವನ ಕಂಪನಿ ಗ್ಯಾಸ್ ಸ್ಟೇಷನ್ನು ವಾಸನೆ ಹೊಡೀತಿದೆ. ಆ ಕಡೆಯಿಂದ ಗಾಳಿ ಬಂದ್ರೆ ಅಮ್ಮ ಒಲೇನೇ ಹಚ್ಚಲ್ಲ. ಮೂರು ದಿನದಿಂದ ತಣ್ಣಗಿನ ಬ್ರೆಡ್ಡು ತಿಂತಿದೀವಿ."

"ಕಂಪನಿಯವರಿಗೆ ಹೇಳಿದ್ರಾ?"

"ಹೇಳಿದ್ವಿ. ವಾಸನೆ ಬಂದ್ರೆ ಒಳ್ಳೇದು, ವಾಸನೆ ಇಲ್ದಿದ್ರೇನೇ ಅಪಾಯ ಅಂದ್ರು. ಹಾಗಾದ್ರೆ ನಮ್ಮ ಡಿಪೋ ಕಕ್ಕಸು ಊರಲ್ಲೇ ಸುರಕ್ಷಿತವಾದ ಜಾಗ."

ಸೊಸೆಗೆ ನಗು ಬಂತು. ಅವನನ್ನು ಕರೆದುಕೊಂಡು ಮಾವನ ಕೋಣೆಗೆ ಹೋದಳು. ಮನೆಗಳಿಗೂ ಇಂಥ ಸ್ಟೇಷನ್ನಿಗೂ ಇನ್ನೂರು ಮೀಟರ್ ದೂರವಿರಬೇಕು ಎಂಬ ನಿಯಮ ತಂದವರೇ ಮಾವ. ಹಳೆಯ ಸ್ಟೇಷನ್ನುಗಳಿಗೆ ಅದು ಅನ್ವಯಿಸುವುದಿಲ್ಲ ಎಂಬ ಸಾಲನ್ನು ಆಮೇಲೆ ಸೇರಿಸಿದವರೂ ಅವರೇ. ಮೊದಲನೆಯದು ಸೊಸೆಗೆ ಗೊತ್ತಿತ್ತು, ಎರಡನೆಯದು ಗೊತ್ತಿರಲಿಲ್ಲ.

ಮಾವ ಪೂರ್ತಿ ಕೇಳಿಸಿಕೊಂಡರು. ಎದ್ದು ಗಡಿಬಿಡಿಯ ಹೆಗಲು ತಡವಿ, "ನಿಮ್ಮಮ್ಮ ನಂಗೆ ಬೇರೆಯೋರಾ? ತಾ ಇಲ್ಲಿ," ಎಂದರು. ಜೇಬಿಗೆ ಕೈಹಾಕಿ, ಬೆರಳಲ್ಲೇ ತಡಕಿ, ಸಣ್ಣ ಪೆನ್ನು ತೆಗೆದರು. ಸೊಸೆ ಕೈ ಹಿಡಿದು ಜಾಗ ತೋರಿಸಿದಳು. 'ಪರಿಶೀಲಿಸಿ ತಕ್ಷಣ ಕ್ರಮ ಕೈಗೊಳ್ಳುವುದು' ಎಂದು ಅರ್ಜಿಯ ಅಂಚಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿದರು. ಮೂವತ್ತು ವರ್ಷದಿಂದ ಅವರು ಬರೆಯುತ್ತಿದ್ದದ್ದು ಅದೊಂದೇ ಸಾಲು. ಕಣ್ಣಿಲ್ಲದಿದ್ದರೂ ಕೈಗೆ ಬಾಯಿಪಾಠವಾಗಿತ್ತು.

"ಸುರಕ್ಷತಾ ಅಧಿಕಾರಿ ಇದಾನಲ್ಲ, ನನ್ನ ಹತ್ರ ಹತ್ತೊಂಬತ್ತು ವರ್ಷ ಪಿ.ಎ. ಆಗಿದ್ದವ್ನು. ನೀನೇ ಹೋಗಿ ಅವನ ಕೈಗೆ ಕೊಡು. ನಾನು ಬರೆದ್ ಮೇಲೆ ಮುಗೀತು."

ಸೊಸೆ ಕಾಲಿಗೆ ಬೀಳುವುದೊಂದು ಬಾಕಿ. ಬಾಗಿಲಲ್ಲಿ ನಿಂತಿದ್ದ ಅತ್ತೆ ಮಾತ್ರ ಕಾಗದವನ್ನು ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದರು.

ಸೋಮವಾರ ಸೊಸೆ ಖುದ್ದಾಗಿ ಹೋಗಿ ಕಾಗದ ಕೊಟ್ಟುಬಂದಳು. ಅಧಿಕಾರಿ ಎದ್ದು ನಿಂತು ತೆಗೆದುಕೊಂಡ, ಟೀ ತರಿಸಿದ, ಕಾಗದವನ್ನು ಡ್ರಾಯರಿನಲ್ಲಿಟ್ಟ. ಎರಡು ವಾರ ಕಳೆಯಿತು. ಗಡಿಬಿಡಿ ದಿನಾ ಫೋನು ಮಾಡಿ, "ಅಕ್ಕಾ, ತಕ್ಷಣ ಅಂದ್ರೆ ಎಷ್ಟು ದಿನ?" ಎಂದು ಕೇಳುತ್ತಿದ್ದ.

ಸುದ್ದಿ ಗಂಡನ ಕಿವಿಗೆ ಬಿದ್ದದ್ದು ಕಚೇರಿಯಲ್ಲಿ. ಮಾರನೆಯ ದಿನ ತಿಂಡಿಯ ಹೊತ್ತಿಗೆ ಅವನು ತಟ್ಟೆ ಮುಟ್ಟಲಿಲ್ಲ.

"ನನ್ನ ಕಂಪನಿ ಮೇಲೆ ನೀನೇ ಅರ್ಜಿ ಹಿಡ್ಕೊಂಡು ಹೋಗಿದ್ಯಂತೆ?"

"ಕಂಪನಿ ಮೇಲಲ್ಲ, ಸ್ಟೇಷನ್ ಮೇಲೆ. ನಮ್ಮಮ್ಮನ ಅಡುಗೆಮನೆಗೆ ಹದಿನೆಂಟು ಹೆಜ್ಜೆ. ನಾನೇ ನಡೆದು ನೋಡಿದೀನಿ."

"ಹದಿನೆಂಟು ಹೆಜ್ಜೆ ಅಳೆಯೋಕೆ ಹೋದೋಳಿಗೆ ಈ ಬ್ರೆಡ್ಡು ಎಲ್ಲಿಂದ ಬರುತ್ತೆ ಅಂತ ಗೊತ್ತಾಗ್ಲಿಲ್ವಾ?"

"ನಿಮ್ಮಪ್ಪನೇ ಬರೆದುಕೊಟ್ರು. ಅವರನ್ನ ಕೇಳಿ."

ಹೊಡೆತ ಕಿವಿಯ ಮೇಲೆ ಬಿತ್ತು. ಅವಳ ಕೈಲಿದ್ದ ಚಹದ ಪಾತ್ರೆ ಜಾರಿ, ಬಿಸಿ ಚಹ ಮಣಿಕಟ್ಟಿನಿಂದ ಮೊಣಕೈವರೆಗೂ ಹರಿಯಿತು. ಮಾವ ಅಲ್ಲೇ ಕೂತು ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದರು. "ಮೇಜಿನ ಹತ್ರ ಬೇಡ ಕಣೋ, ಬಟ್ಟೆ ಹಾಳಾಗುತ್ತೆ," ಎಂದರು, ಅಷ್ಟೇ. ಅತ್ತೆ ಅವಳನ್ನು ನಲ್ಲಿಯ ಕೆಳಗೆ ನಿಲ್ಲಿಸಿ ಕೈಮೇಲೆ ತಣ್ಣೀರು ಬಿಟ್ಟರು. ನೀರಿನ ಸದ್ದಿನಲ್ಲೇ, "ಆ ಕಾಗದ ನಂಬ್ಕೊಂಡಿರಬೇಡ," ಎಂದರು. ಕಿವಿ ಗುಂಯ್‌ಗುಡುತ್ತಿದ್ದ ಸೊಸೆಗೆ ಅದು ಸಮಾಧಾನದ ಮಾತಿನಂತೆ ಕೇಳಿಸಿತು.

ಆ ಶನಿವಾರ ಮಧ್ಯಾಹ್ನ ಊಟಕ್ಕೆ ಇಬ್ಬರು ಬಂದರು. ಒಬ್ಬ ಕಂಪನಿಯ ದೊಡ್ಡವನು. ಎಂಥ ಸೆಕೆಯಲ್ಲೂ ಕೋಟು ಬಿಚ್ಚದವನಾದ್ದರಿಂದ ಅಡುಗೆಮನೆಯಲ್ಲಿ ಅವನ ಹೆಸರು ಕೋಟು. ಇನ್ನೊಬ್ಬ ಅದೇ ಸುರಕ್ಷತಾ ಅಧಿಕಾರಿ, ಸಣಕಲು ಮನುಷ್ಯ. ಮಾವ ಕೆಮ್ಮಿದರೂ ಕುರ್ಚಿಯಿಂದ ಅರ್ಧ ಏಳುತ್ತಿದ್ದ. ಸೊಸೆ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಮೀನು ಬಡಿಸಿದಳು.

ಕೋಟು ಮಾವನ ಹಳೆಯ ಸಹೋದ್ಯೋಗಿಯೊಬ್ಬನ ಮಾತೆತ್ತಿದ. ಅದೇ ಮಂತ್ರಿಮಂಡಲದಲ್ಲಿದ್ದ ಮತ್ತೊಬ್ಬ ಮಾಜಿ, ಈಗ ಕಲ್ಲಿದ್ದಲಿನವರ ಸಲಹೆಗಾರ. "ಅವರು ನಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಸಾಹೇಬ್ರೆ. ನಮ್ಮಲ್ಲಿ ಏನಾದ್ರೂ ಆದ್ರೆ ಅವರಿಗೆ ಹಬ್ಬ."

"ಆಗೋದೇನು? ಇವ್ನಿದಾನಲ್ಲ," ಎಂದು ಮಾವ ಅಧಿಕಾರಿಯ ದಿಕ್ಕಿಗೆ ಕೈ ತೋರಿಸಿದರು. ಅಧಿಕಾರಿ ಅರ್ಧ ಎದ್ದು ಕೂತ.

ಸೊಸೆಗೆ ತಡೆಯಲಾಗಲಿಲ್ಲ. "ಸಾರ್, ನಾನು ಕೊಟ್ಟ ಕಾಗದ ಏನಾಯ್ತು?"

ಅಧಿಕಾರಿ ಮಾವನ ಮುಖ ನೋಡಿದ. ನೋಡಿಯೂ ಪ್ರಯೋಜನವಿರಲಿಲ್ಲ, ಮಾವ ಇನ್ನೆಲ್ಲೋ ನೋಡುತ್ತಿದ್ದರು.

"ಪರಿಶೀಲನೆಯಲ್ಲಿದೆಯಮ್ಮ," ಎಂದ.

"ಮುಳ್ಳು ಬಿಡಿಸಿ ಹಾಕು ಅವರಿಗೆ," ಎಂದರು ಮಾವ.

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಸೊಸೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮೊದಲು ಕಿಟಕಿಗಳು ನಡುಗಿದವು, ಆಮೇಲೆ ಸದ್ದು ಬಂತು. ತೂಗುಹಾಕಿದ್ದ ಮದುವೆಯ ಚಿತ್ರ ಗೋಡೆಗೆ ಬಡಿದು ಓರೆಯಾಯಿತು. ಸದ್ದು ಯಾವ ದಿಕ್ಕಿನದೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಗಂಡನ ಅಂಗಿಯ ಮೇಲೆಯೇ ಬಿಟ್ಟು ಬರಿಗಾಲಲ್ಲಿ ಓಡಿದಳು.

ಬೀದಿಯ ತಿರುವಿನಲ್ಲೇ ಬಿಸಿ ಮುಖಕ್ಕೆ ರಾಚಿತು. ಸ್ಟೇಷನ್ನಿನ ಗೋಡೆ ಇರಲಿಲ್ಲ. ಅದರ ಕಡೆಗಿದ್ದ ಐದು ಮನೆಗಳಿಗೆ ಚಾವಣಿ ಇರಲಿಲ್ಲ. ನೆಲದೊಳಗಿಂದ ಬೆಂಕಿ ನಲ್ಲಿ ಬಿಟ್ಟ ಹಾಗೆ ಸುಯ್ಯೆಂದು ಮೇಲಕ್ಕೆ ಚಿಮ್ಮುತ್ತಿತ್ತು. ಒಬ್ಬ ಮುದುಕ ಕೈಯಲ್ಲಿ ಬಾಗಿಲ ಹಿಡಿಯೊಂದನ್ನೇ ಹಿಡಿದು ನಡುಬೀದಿಯಲ್ಲಿ ನಿಂತಿದ್ದ, ಬಾಗಿಲು ಎಲ್ಲೂ ಕಾಣಲಿಲ್ಲ. ಅಮ್ಮ ಬೀದಿಯ ಆಚೆ ಬದಿಯಲ್ಲಿ ಕೂತಿದ್ದಳು, ಹುಬ್ಬು ಸುಟ್ಟುಹೋಗಿ ಮುಖವೇ ಬೇರೆಯಾಗಿತ್ತು. "ನನ್ನ ಹೊರಗೆ ನೂಕಿ ಪಕ್ಕದ ಮನೆಗೆ ಹೋದ. ಅಲ್ಲಿ ಬಾಣಂತಿ ಇದ್ಲು ಕಣೇ," ಎಂದಳು. ಅಷ್ಟನ್ನೇ ಮತ್ತೆ ಮತ್ತೆ ಹೇಳಿದಳು.

ಗಡಿಬಿಡಿ ಕೂಸನ್ನು ಹೊರಗೆ ತಂದಿದ್ದ. ಬಾಣಂತಿಯನ್ನು ತರಲು ಮತ್ತೆ ಒಳಗೆ ಹೋದಾಗ ತೊಲೆ ಕುಸಿಯಿತು. ಸೊಸೆ ಅವನನ್ನು ಗುರುತಿಸಿದ್ದು ಡಿಪೋದ ಬೂಟಿನಿಂದ.

ಒಂಬತ್ತು ದಿನ ಆಸ್ಪತ್ರೆಯಲ್ಲಿ ಬದುಕಿದ್ದ. ಚರ್ಮ ಬಟ್ಟೆಯ ಜೊತೆ ಎದ್ದುಬರುತ್ತಿತ್ತು. ಡ್ರೆಸ್ಸಿಂಗ್ ಬದಲಿಸುವಾಗ ಅವನು ಕಿರುಚುವುದು ಕೆಳಗಿನ ಗೇಟಿನವರೆಗೂ ಕೇಳುತ್ತಿತ್ತು. ಸೊಸೆ ದಿನವೂ ಆ ಹೊತ್ತಿಗೆ ಸರಿಯಾಗಿ ಅಲ್ಲಿರುತ್ತಿದ್ದಳು, ಅವನ ಸುಡದ ಒಂದು ಕಾಲನ್ನು ಗಟ್ಟಿಯಾಗಿ ಹಿಡಿದು. ಏಳನೆಯ ದಿನ ಅವನು ತುಟಿ ಅಲುಗಿಸಿದ. ಅವಳು ಬಗ್ಗಿದಳು.

"ಕಾಗದ... ಬಂತಾ ಅಕ್ಕಾ?"

"ಬಂತು ಕಣೋ. ಸ್ಟೇಷನ್ ಮುಚ್ಚಿದ್ರು," ಎಂದಳು. ಮುಚ್ಚಿದ್ದು ನಿಜವೇ. ಹತ್ತು ಜನ ಸತ್ತ ಮೇಲೆ ಯಾರು ಮುಚ್ಚುವುದಿಲ್ಲ?

ಅವನನ್ನು ಮಣ್ಣು ಮಾಡಿದ ಮಾರನೆಯ ದಿನ ಬೆಳಿಗ್ಗೆ ಜನ ಮಾವನ ಮನೆಗೆ ಬಂದರು. ಮೊದಲು ಸುಮ್ಮನೆ ನಿಂತಿದ್ದರು. ಮಾವ ಜಗಲಿಗೆ ಹೋಗಿ, ಹಳೆಯ ಅಭ್ಯಾಸದಂತೆ ಎರಡೂ ಕೈ ಎತ್ತಿ, "ನಿಮ್ಮ ನೋವು ನನ್ನ ನೋವು," ಎಂದರು. ಮೊದಲ ಕಲ್ಲು ಅವರ ಕಿವಿಯ ಪಕ್ಕದಿಂದ ಹಾದು ಒಳಗೆ ಬಿತ್ತು. ಆಮೇಲೆ ಲೆಕ್ಕವಿರಲಿಲ್ಲ. ಕಿಟಕಿಗಳು ಒಂದೊಂದಾಗಿ ಒಳಗೆ ಸುರಿದವು. ಯಾರೋ ಕಾರಿನ ಮೇಲೆ ಹತ್ತಿ ಸರಳಿನಿಂದ ಚಚ್ಚಿದರು. ಚಾಲಕ ಓಡಿಹೋಗಲು ನೋಡಿದ, ಸಿಕ್ಕಿಬಿದ್ದು ಕೆಳಗೆ ಉರುಳಿದ, ನಾಲ್ಕು ಜನ ಅವನನ್ನು ಒದ್ದರು. ಅವನು ಯಾರ ಸಲಹೆಗಾರನೂ ಅಲ್ಲ, ಆದರೂ ಒದ್ದರು. ಗಂಡ ಹಿತ್ತಲ ಬಾಗಿಲಿಂದ ಹಾರಿ ನೆರೆಮನೆಯ ಸ್ನಾನದ ಕೋಣೆಯಲ್ಲಿ ಚಿಲಕ ಹಾಕಿಕೊಂಡ.

ಅತ್ತೆ ಕುರುಡು ಗಂಡನನ್ನು ಒಳಗೆ ಎಳೆದುಕೊಳ್ಳುವಾಗ ಒಂದು ಕಲ್ಲು ಹಣೆಗೆ ಬಿತ್ತು. ಬಿದ್ದ ರಭಸಕ್ಕೆ ಬಲಗೈ ಗಾಜಿನ ಮೇಲೆ ಊರಿತು. ಪೊಲೀಸರು ಬಂದು ಲಾಠಿ ಬೀಸಿ ಬೀದಿಯನ್ನು ಬರಿದು ಮಾಡುವ ಹೊತ್ತಿಗೆ ಸೊಸೆ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆಯ ಅಂಗೈಯಿಂದ ಗಾಜಿನ ಚೂರು ಕೀಳುತ್ತಿದ್ದಳು.

"ನಿಧಾನ ಕೀಳು. ನೋಯ್ಲಿ," ಎಂದರು ಅತ್ತೆ. "ಈ ಕೈ ಪಾಪಿ ಕೈ."

"ನೀವೇನು ಮಾಡಿದ್ರಿ ಅತ್ತೆ?"

"ಶಾಯಿ ತುಂಬಿದೆ." ಅತ್ತೆ ಅಂಗೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿದರು. "ಬರೆಯೋದು ಎಲ್ಲರಿಗೂ ಅದೇ ಸಾಲು. ತಕ್ಷಣ ಕ್ರಮ ಕೈಗೊಳ್ಳುವುದು. ಹಸಿರಲ್ಲಿ ಬರೆದ್ರೆ ಮಾಡು ಅಂತ. ಕಪ್ಪಲ್ಲಿ ಬರೆದ್ರೆ ಡ್ರಾಯರಿಗೆ ಹಾಕು ಅಂತ. ಬಂದೋರ್ಯಾರೂ ಬೇಜಾರು ಮಾಡ್ಕೊಂಡು ಹೋಗಬಾರದಲ್ಲ. ಅಧಿಕಾರಿಗಳಿಗೆಲ್ಲ ಗೊತ್ತು. ಮನೇಲಿ ನಂಗೊಬ್ಬಳಿಗೆ ಗೊತ್ತು."

ಸೊಸೆ ಚಿಮುಟದಲ್ಲಿ ಹಿಡಿದ ಚೂರನ್ನು ಹಾಗೇ ಹಿಡಿದುಕೊಂಡಿದ್ದಳು. "ತಮ್ಮನ ಕಾಗದ ಕಪ್ಪು," ಎಂದಳು.

"ಕಪ್ಪು. ಬಾಗಿಲಲ್ಲಿ ನಿಂತು ನೋಡಿದೆ. ಅವತ್ತೇ ಬಾಯಿ ಬಿಡಬೇಕಿತ್ತು. ಬಿಡ್ಲಿಲ್ಲ."

ಸೊಸೆ ಎದ್ದು ಮಾವನ ಕೋಣೆಗೆ ಹೋದಳು. ಮಾವ ಮಂಚದ ಅಂಚಿನಲ್ಲಿ ಊರುಗೋಲು ಹಿಡಿದು ಕೂತಿದ್ದರು. ಅವಳು ಕೂಗಾಡಲಿಲ್ಲ. ಅವರ ಜೇಬಿಗೆ ಕೈಹಾಕಿ ಸಣ್ಣ ಪೆನ್ನು ಕಿತ್ತು ಅವರ ಮುಖಕ್ಕೆ ಹಿಡಿದಳು. "ಇದರಲ್ಲೇ ಕೊಂದ್ರಲ್ಲ ನನ್ನ ತಮ್ಮನ್ನ."

"ಯಾರು ಹೇಳಿದ್ದು ನಿಂಗೆ?"

"ನಿಮ್ಮ ಸಹಿ ಹಿಡ್ಕೊಂಡು ಸಾಯೋವರೆಗೂ ಕಾದ. ಕಾಗದ ಬಂತಾ ಅಂತ ಕೇಳ್ದ. ಒಂದು ಮಾತು ನಿಜ ಹೇಳಿದ್ರೆ ಬೀದಿ ಬಿಟ್ಟು ಓಡ್ತಿದ್ರು ಮಾವ, ಬದುಕ್ತಿದ್ರು."

ಊರುಗೋಲು ಬಂದ ದಿಕ್ಕು ಅವಳಿಗೆ ಕಾಣಲಿಲ್ಲ. ಕುರುಡನ ಏಟಿಗೆ ಗುರಿಯಿರುವುದಿಲ್ಲ, ಅದಕ್ಕೇ ತಪ್ಪಿಸಿಕೊಳ್ಳುವುದು ಕಷ್ಟ. ಹಿತ್ತಾಳೆ ಹಿಡಿ ಮೊದಲು ಹೆಗಲಿಗೆ, ಆಮೇಲೆ ಪಕ್ಕೆಗೆ, ಆಮೇಲೆ ಬಿದ್ದವಳ ಬೆನ್ನಿಗೆ ಬಿತ್ತು. "ಡಿಪೋದಿಂದ ತಂದು ಅನ್ನ ಹಾಕಿದ್ದಕ್ಕೆ ನನ್ನ ಜೇಬಿಗೇ ಕೈ ಹಾಕ್ತೀಯಾ?" ಎನ್ನುತ್ತ ಮಾವ ಉಸಿರು ಕಟ್ಟುವವರೆಗೂ ಹೊಡೆದರು. ಅತ್ತೆ ಬಂದು ಅಡ್ಡ ಬಿದ್ದಾಗ ಅವರಿಗೂ ಎರಡು ಬಿದ್ದವು. ಗಂಡ ಆಗತಾನೇ ನೆರೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದವನು, "ಸಾಕು ಬಿಡಪ್ಪಾ, ಪೊಲೀಸ್ನೋರು ಇನ್ನೂ ಹೊರಗಿದಾರೆ," ಎಂದ.

ಅವಳು ತವರಿಗೆ ಹೋಗಬಹುದಿತ್ತು. ತವರಿನಲ್ಲಿ ಎರಡು ಗೋಡೆ, ಒಂದು ಟಾರ್ಪಾಲು, ಅದರ ಕೆಳಗೆ ಅಮ್ಮ. ಬಾಡಿಗೆಮನೆಗೆ ಬಾ ಎಂದರೆ ಅಮ್ಮ ಕೇಳಲೊಲ್ಲಳು. "ಅವನು ಹೋದ ಬಾಗಿಲು ಇದು," ಎಂದು ಇಲ್ಲದ ಬಾಗಿಲನ್ನು ತೋರಿಸುತ್ತಿದ್ದಳು. ಪಕ್ಕೆ ಕಟ್ಟಿಕೊಂಡು ಸೊಸೆ ಆ ಮನೆಯಲ್ಲೇ ಉಳಿದಳು. ಉಳಿಯುವುದಕ್ಕೆ ಇನ್ನೊಂದು ಕಾರಣ ಮುಂದಿನ ವಾರ ಸಿಕ್ಕಿತು.

ಕೋಟು ಹೊಸ ಕಾರಿನಲ್ಲಿ ಬಂದ. ಸೊಸೆ ಸೂಪು ಬಡಿಸುತ್ತಿದ್ದಳು. ಸೂಪು ಬಡಿಸುವವಳಿಗೆ ಕಿವಿ ಇರುವುದಿಲ್ಲವೆಂದು ಆ ಮೇಜಿನಲ್ಲಿ ಎಲ್ಲರೂ ನಂಬಿದ್ದರು.

"ಮುಚ್ಚಿದ ದಿನದಿಂದ ಮೂವತ್ತು ದಿನದೊಳಗೆ ಮತ್ತೆ ಶುರು ಮಾಡೋಕೆ ಸುರಕ್ಷತಾ ಅಧಿಕಾರಿ ಸಹಿ ಆಗ್ಬೇಕು ಸಾಹೇಬ್ರೆ. ಒಂದು ದಿನ ಮೀರಿದ್ರೂ ಹಳೇ ಪರವಾನಗಿ ಸತ್ತುಹೋಗುತ್ತೆ. ಹೊಸದು ಅಂದ್ರೆ ನಿಮ್ಮ ಇನ್ನೂರು ಮೀಟರ್ ನಿಯಮ. ಆ ಜಾಗದಲ್ಲಿ ಮತ್ತೆಂದೂ ಆಗಲ್ಲ."

"ಮೂವತ್ತಕ್ಕೆ ಇನ್ನೂ ಹದಿಮೂರಿದೆ. ನನ್ನ ಪಿ.ಎ. ಸಹಿ ಹಾಕ್ತಾನೆ."

"ಅವರು ಫೋನೇ ಎತ್ತಲ್ಲ. ಫೋನಿಗೆ ಕಿವಿ ಬಂದಿದೆ, ಮನೆಗೂ ಬರಲ್ಲ, ಸಾಹೇಬ್ರು ಹಳೇ ಪದ್ಧತೀಲಿ ಕಾಗದ ಕಳಿಸ್ಲಿ ಅಂದ್ರಂತೆ."

ಮಾವ ನಕ್ಕರು. ಕಲ್ಲುಬಿದ್ದ ದಿನದಿಂದ ಅವರು ನಕ್ಕದ್ದು ಅದೇ ಮೊದಲು. "ಹಾಗೆ ದಾರಿಗೆ ಬರ್ಲಿ. ನಾಳೆ ಬಂದು ತಗೊಂಡು ಹೋಗಿ."

ಮಾರನೆಯ ಬೆಳಿಗ್ಗೆ, ಗಾಯವಾದ ಮೇಲೆ ಮೊದಲ ಸಲ, ಅತ್ತೆ ಮೇಜಿನ ಮೇಲೆ ಪತ್ರಿಕೆ ಹಾಸಿದರು. ಅವರ ಬಲಗೈ ಇನ್ನೂ ಬಟ್ಟೆಯ ಉಂಡೆ. ಎಡಗೈಯಲ್ಲಿ ಪೆನ್ನು ಬಿಚ್ಚಲು ನೋಡಿದರು, ಆಗಲಿಲ್ಲ. ಪೆನ್ನುಗಳನ್ನೂ ಎರಡು ಶಾಯಿ ಬಾಟಲಿಗಳನ್ನೂ ಸೊಸೆಯ ಮುಂದಕ್ಕೆ ತಳ್ಳಿದರು.

"ಇನ್ಮೇಲೆ ನೀನೇ ತುಂಬು," ಎಂದು ಎದ್ದು ಒಲೆ ಹಚ್ಚಲು ಹೋದರು. ಅಡುಗೆಮನೆಯ ಬಾಗಿಲನ್ನು ತಾವಾಗಿಯೇ ಮುಚ್ಚಿಕೊಂಡರು. ಆ ಬಾಗಿಲು ಮುಚ್ಚಿದ್ದನ್ನು ಸೊಸೆ ಅದುವರೆಗೆ ನೋಡಿರಲಿಲ್ಲ.

ದಪ್ಪ ಪೆನ್ನನ್ನು ಅವಳು ಮೂರು ಸಲ ತೊಳೆದಳು. ಹಸಿರು ಎಳೆ ಎಳೆಯಾಗಿ ಬಟ್ಟಲಿನಲ್ಲಿ ಬಿಟ್ಟುಕೊಂಡು, ಕೊನೆಗೆ ನೀರು ತಿಳಿಯಾಯಿತು. ಆಮೇಲೆ ಕಪ್ಪು ಬಾಟಲಿ ತೆರೆದಳು. ಸಿಕ್ಕಿಬಿದ್ದರೆ ಈ ಸಲ ಊರುಗೋಲು ಪಕ್ಕೆಗೆ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಾವ ಕಂಪನಿಯವರ ಎದುರು ಬರೆಯುತ್ತಿರಲಿಲ್ಲ, ಮೂಗು ಕಾಗದಕ್ಕೆ ತಾಗುವುದನ್ನು ಯಾರೂ ನೋಡಬಾರದು. ಕೋಟು ನಡುಮನೆಯಲ್ಲಿ ಕಾದ, ಗಂಡ ಅವನಿಗೆ ಫ್ಯಾನಿನ ಗುಂಡಿ ಒತ್ತಿಕೊಟ್ಟ. ಕೋಣೆಯಲ್ಲಿ ಮಾವ ಜೇಬಿನಿಂದ ಪೆನ್ನು ತೆಗೆದು, ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿ, ಇದೇ ಎಂದು ಖಚಿತ ಮಾಡಿಕೊಂಡು, ಕಂಪನಿಯ ಅರ್ಜಿಯ ಅಂಚಿನಲ್ಲಿ ಬರೆದರು. ಪರಿಶೀಲಿಸಿ ತಕ್ಷಣ ಕ್ರಮ ಕೈಗೊಳ್ಳುವುದು. ಅಕ್ಷರಗಳು ಒಂದೊಂದೇ ಕಪ್ಪಗೆ ಬಂದವು. ಸೊಸೆ ಅವರ ಮಣಿಕಟ್ಟು ಹಿಡಿದೇ ಇದ್ದಳು. ಶಾಯಿ ತುಂಬುವ ಕೈ ಬದಲಾದದ್ದು ಅವರಿಗೆ ಗೊತ್ತಿರಲಿಲ್ಲ.

"ಚೆನ್ನಾಗಿ ಬಿದ್ದಿದೆಯಾ?"

"ಚೆನ್ನಾಗಿದೆ ಮಾವ."

ಅವಳೇ ಕವರಿಗೆ ಹಾಕಿ, ಅಂಟು ಹಚ್ಚಿ, ಅಂಗೈಯಲ್ಲಿ ಒತ್ತಿ ಕೋಟಿನ ಕೈಗೆ ಕೊಟ್ಟಳು.

ಆಮೇಲಿನ ಹನ್ನೆರಡು ದಿನಗಳಲ್ಲಿ ಆ ಮನೆಯಲ್ಲಿ ಒಂದು ತಟ್ಟೆಯೂ ನೆಟ್ಟಗೆ ಮೇಜಿನಿಂದ ಎದ್ದದ್ದಿಲ್ಲ. ಗಂಡ ಕಚೇರಿಯಲ್ಲಿ ಬೈಸಿಕೊಂಡು ಬಂದು ಇಲ್ಲಿ ಎಸೆಯುತ್ತಿದ್ದ. "ಇನ್ನೂ ಸಹಿ ಆಗಿಲ್ಲ ಅಪ್ಪಾ," ಎಂದರೆ ಮಾವ, "ನನ್ನ ಕಾಗದ ಹೋಗಿದೆ. ಕೊನೇ ದಿನದವರೆಗೂ ಎಳೆಯೋದು ಅವನ ಚಾಳಿ," ಎನ್ನುತ್ತಿದ್ದರು. ಸೊಸೆ ಚೂರು ಗುಡಿಸುತ್ತ ಬೆರಳು ಮಡಚುತ್ತಿದ್ದಳು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಮೂವತ್ತು.

ಮೂವತ್ತೊಂದನೆಯ ದಿನ ಮಧ್ಯಾಹ್ನ ಮಾವ ಊಟಕ್ಕೆ ಕೂತಿದ್ದಾಗ ಹೊರಗೆ ಕಾರು ನಿಂತಿತು. ಕೋಟು ಇಳಿಯಲಿಲ್ಲ. ಗಂಡ ಒಳಗೆ ನುಗ್ಗಿದ, ಅಂಗಿಯ ಗುಂಡಿ ಕಿತ್ತುಹೋಗಿತ್ತು. ಕೈಲಿದ್ದ ಕಾಗದವನ್ನು ಅಪ್ಪನ ಅನ್ನದ ಮೇಲೆ ಬಡಿದ.

"ಮುಗೀತು. ಪರವಾನಗಿ ಸತ್ತುಹೋಯ್ತು. ನಿಮ್ಮ ಪಿ.ಎ. ಡ್ರಾಯರಿಂದ ಕಿತ್ಕೊಂಡು ಬಂದೆ ಇದನ್ನ. ಸಾಹೇಬ್ರು ಕಪ್ಪಲ್ಲಿ ಬರೆದ್ರು, ನಾನು ಅದರಂತೆ ನಡ್ಕೊಂಡೆ ಅಂತಾನೆ. ಆ ಹನ್ನೊಂದು ಜನರ ಮೇಲೆ ನಿಮಗೆ ಕರುಣೆ ಬಂತು ಅಂದ್ಕೊಂಡ್ನಂತೆ. ಕಣ್ಣೀರು ಬೇರೆ ಹಾಕ್ದ, ಬೋಳಿಮಗ. ಏನಪ್ಪಾ ಇದು ಕಪ್ಪು?"

ಮಾವ ಕಾಗದವನ್ನು ಎತ್ತಿ ಕಣ್ಣಿಗೆ ಹಿಡಿದರು. ತಿರುಗಿಸಿದರು. ಬೆಳಕಿನ ಕಡೆಗೆ ಹಿಡಿದರು. ಅದಕ್ಕಂಟಿದ ಅನ್ನ ಅವರ ಎದೆಯ ಮೇಲೆ ಉದುರಿತು.

"ಯಾವ ಬಣ್ಣ?" ಎಂದರು.

"ಕಪ್ಪು ಅಂದ್ನಲ್ಲ."

"ನಿನ್ನ ಕೇಳಿಲ್ಲ." ಮುಖವನ್ನು ಹೆಂಡತಿಯಿದ್ದ ಕಡೆಗೆ ತಿರುಗಿಸಿದರು. "ನೀನು ಹೇಳು. ಯಾವ ಬಣ್ಣ?"

ಅತ್ತೆ ನೀರಿನ ಲೋಟ ಕೆಳಗಿಟ್ಟರು. ಹತ್ತಿರ ಬಂದು ಕಾಗದವನ್ನು ನೋಡಿದರು. ಹಣೆಯ ಗಾಯದ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.

"ಹಸಿರು," ಎಂದರು.

ಗಂಡ ಅಮ್ಮನ ಕಡೆಗೆ ತಿರುಗಿದ. "ಅಮ್ಮಾ, ಕಣ್ಣು ಹೋಗಿದ್ದು ಅಪ್ಪಂಗೋ ನಿಂಗೋ?"

"ಹಸಿರನ್ನ ಹಸಿರು ಅಂದೆ," ಎಂದು ಅತ್ತೆ ಪಲ್ಯದ ಪಾತ್ರೆಗೆ ಮುಚ್ಚಳ ಹಾಕಿದರು.

"ನಲವತ್ತೆರಡು ವರ್ಷದಲ್ಲಿ ಇವಳು ನಂಗೆ ಒಂದು ಸುಳ್ಳೂ ಹೇಳಿಲ್ಲ," ಎಂದರು ಮಾವ, ಮೆಲ್ಲಗೆ. "ನೀನು ದಿನಕ್ಕೆ ನಾಲ್ಕು ಹೇಳ್ತೀಯ. ಯಾರಿಗೆ ಮಾರಿದ್ಯೋ ನನ್ನ? ಆ ಕಲ್ಲಿದ್ದಲಿನೋರಿಗಾ? ನೀನೂ ಆ ಪಿ.ಎ.ನೂ ಸೇರಿ ಮಾರಿದ್ರಾ?"

"ಅಪ್ಪಾ, ಹುಚ್ಚು ಹಿಡೀತಾ ನಿಂಗೆ—"

ಊರುಗೋಲು ದನಿ ಬಂದ ಕಡೆಗೆ ಬೀಸಿತು. ಗಂಡ ಅಡ್ಡ ಹಿಡಿದ ಕೈಗೆ ಬಿದ್ದು ಒಣಕಟ್ಟಿಗೆ ಮುರಿದಂಥ ಸದ್ದಾಯಿತು. ಅವನು ಅರಚಿದ. ಅರಚಿದ್ದರಿಂದಲೇ ಗುರಿ ಸಿಕ್ಕಿ ಎರಡನೆಯ ಏಟು ದವಡೆಗೆ ಬಿತ್ತು, ಮೂರನೆಯದು ಪಾತ್ರೆಗಳಿಗೆ. ಪಿಂಗಾಣಿ ಸಿಡಿದು ಗೋಡೆಗೆ ಹೊಡೆಯಿತು. ಮದುವೆಯ ಚಿತ್ರ ಈ ಸಲ ಓರೆಯಾಗಲಿಲ್ಲ, ಬಿದ್ದೇಬಿಟ್ಟಿತು. ಗಂಡ ಬಾಯಿಂದ ರಕ್ತ ಉಗಿದು, ಮುರಿಯದ ಕೈಯಿಂದ ಅಪ್ಪನ ಎದೆಗೆ ಗುದ್ದಿದ, ಮತ್ತೆ ಗುದ್ದಿದ, ಮುಖಕ್ಕೂ ಗುದ್ದಿದ. ಮಾವ ಕುರ್ಚಿಯ ಸಮೇತ ಹಿಂದಕ್ಕೆ ಉರುಳಿದರು. ತಲೆ ಮೇಜಿನ ಅಂಚಿಗೆ ತಾಗಿತು.

ಹೊರಗೆ ಕಾರು ಒಮ್ಮೆ ಹಾರ್ನ್ ಮಾಡಿತು. ಒಳಗಿನ ಸದ್ದು ಕೇಳಿಸಿರಬೇಕು, ಇನ್ನೊಮ್ಮೆ ಮಾಡಲಿಲ್ಲ. ಗೇರು ಬದಲಿಸಿ ಹೊರಟುಹೋಯಿತು. ಗಂಡ ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಅದರ ಹಿಂದೆ ಓಡಿದ. "ಸಾರ್, ಸಾರ್," ಎಂದು ಕೂಗುವುದು ಬೀದಿಯ ತುದಿಯವರೆಗೂ ಕೇಳಿಸಿತು.

ಅತ್ತೆ ಮಾವನನ್ನು ಎಬ್ಬಿಸಲು ಹೋಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದರು. ಮಾವ ಚೂರುಗಳ ನಡುವೆ ಅಂಗಾತ ಬಿದ್ದು, ಸೀಳಿದ ತುಟಿಯಿಂದ ಉಸಿರು ಬಿಡುತ್ತ, ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿದರು.

"ಸೊಸೆ ಎಲ್ಲಿ? ಇದೀಯೇನಮ್ಮಾ?"

"ಇದೀನಿ."

"ನಿನ್ನ ಕಣ್ಣು ಚೆನ್ನಾಗಿದೆ. ನೀನೊಬ್ಬಳು ನಿಜ ಹೇಳು. ಯಾವ ಬಣ್ಣ?"

ಸೊಸೆ ಕಾಗದವನ್ನು ನೆಲದಿಂದ ಎತ್ತಿಕೊಂಡಳು. ಅವರಿಗೆ ಸರಿಯಾಗಿ ಕೇಳಿಸಲೆಂದು ಪಕ್ಕದಲ್ಲಿ ಮಂಡಿಯೂರಿ ಕೂತಳು.

"ನನ್ನ ತಮ್ಮನ ಕಾಗದ ಯಾವ ಬಣ್ಣದಲ್ಲಿತ್ತೋ ಅದೇ ಬಣ್ಣ, ಮಾವ. ನಾನೇ ತುಂಬಿದ್ದು."

ಮಾವನ ಕೈ ಊರುಗೋಲಿಗಾಗಿ ನೆಲ ತಡಕಿತು. ಅದು ಅತ್ತೆಯ ಕಾಲಡಿಯಲ್ಲಿತ್ತು. ಅತ್ತೆ ಕಾಲು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕೈ ಜೇಬಿಗೆ ಹೋಗಿ ದಪ್ಪ ಪೆನ್ನನ್ನು ಹೊರಗೆ ತೆಗೆಯಿತು, ಗೆರೆಗಳನ್ನು ಎಣಿಸಿತು, ಮುಚ್ಚಳ ಬಿಚ್ಚಿತು. ಅವರು ಮೊನೆಯನ್ನು ಎಡಗೈಯ ಅಂಗೈಗೆ ಒತ್ತಿ ಗೀರಿದರು. ರಕ್ತ ಬರುವಷ್ಟು ಒತ್ತಿ ಗೀರಿ, ಅಂಗೈಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು ನೋಡಿದರು. ಮತ್ತೆ ಗೀರಿದರು, ಮತ್ತೆ ನೋಡಿದರು.

"ಕೂತ್ಕೊಂಡು ಒಂದು ತುತ್ತು ಉಣ್ಣು," ಎಂದರು ಅತ್ತೆ, ಸೊಸೆಗೆ. "ಆಮೇಲೆ ಇಬ್ರೂ ನಿಮ್ಮಮ್ಮನ ಹತ್ರ ಹೋಗೋಣ."